ಮೊದಲು ಹಾಡಿ, ಆಮೇಲೆ ಕೇಳಿ: ಇಂಗ್ಲೆಂಡ್ ಮರೆತ ಆರ್ಗನ್ ಸಂಗೀತ

ಹೋದ ತಿಂಗಳು ಸಂಗೀತ ಕೇಳುವ ಗೆಳೆಯರ ಕೂಟದಲ್ಲಿ ಈ ವಿಷಯದ ಬಗ್ಗೆ ಒಂದು ಗಂಟೆ ಮಾತಾಡಿದೆ. ಬರಲಾಗದವರು ಕೆಲವರು ಬರೆದು ಕೊಡಿ ಎಂದು ಕೇಳಿದರು. ಮಾತಾಡಿದ ಧಾಟಿಯಲ್ಲೇ ಬರೆದಿದ್ದೇನೆ. ಅಲ್ಲಿ ನುಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು, ಅಷ್ಟೇ ವ್ಯತ್ಯಾಸ.

ಒಂದು ಮಟ್ಟಿನಿಂದ ಶುರು ಮಾಡೋಣ. ಗ ಗ ರಿ ಸ, ಪ ದ ಪ ಪ ಮ ಗ. ಶಂಕರಾಭರಣದ ಸ್ವರಗಳು. ಗಮಕ ಬೇಡ, ಅವಸರ ಬೇಡ. ಮೊದಲ ಗಾಂಧಾರವನ್ನು ಸ್ವಲ್ಪ ಎಳೆದು, ಮನಸ್ಸಿನಲ್ಲೇ ಹಾಡಿಕೊಳ್ಳಿ.

ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ದೂರದರ್ಶನ ನೋಡಿ ಬೆಳೆದವರಿಗೆ ಖಂಡಿತ ಗೊತ್ತಿರುತ್ತದೆ. ಜನವರಿ 29ರ ಸಂಜೆ ದೆಹಲಿಯಲ್ಲಿ ಬೀಟಿಂಗ್ ರಿಟ್ರೀಟ್ ನಡೆಯುವಾಗ, ಕತ್ತಲಾಗುವ ಹೊತ್ತಿಗೆ ಸೇನೆಯ ಬ್ಯಾಂಡುಗಳೆಲ್ಲ ಸೇರಿ ಇದನ್ನು ನುಡಿಸುತ್ತಿದ್ದವು. ದೂರದಿಂದ ಗಂಟೆಗಳ ನಾದ ಅದಕ್ಕೆ ಉತ್ತರ ಕೊಡುತ್ತಿತ್ತು. ನಮ್ಮ ಮನೆಯಲ್ಲಿ ಆ ಒಂದು ನಿಮಿಷ ಯಾರೂ ಮಾತಾಡುತ್ತಿರಲಿಲ್ಲ. ಹಾಡಿನ ಹೆಸರು 'ಅಬೈಡ್ ವಿತ್ ಮಿ', ನನ್ನ ಜೊತೆಯಲ್ಲಿರು ಎಂದು ದೇವರನ್ನು ಕೇಳುವ ಚರ್ಚಿನ ಸ್ತುತಿಗೀತೆ. ಗಾಂಧೀಜಿಗೆ ತುಂಬಾ ಇಷ್ಟವಾದ ಹಾಡು. 2022ರಲ್ಲಿ ಅದನ್ನು ಆ ಕಾರ್ಯಕ್ರಮದಿಂದ ಕೈಬಿಟ್ಟರು.

ಮಾತು ಬರೆದವನು ಹೆನ್ರಿ ಫ್ರಾನ್ಸಿಸ್ ಲೈಟ್, ಇಂಗ್ಲೆಂಡಿನ ಡೆವನ್ ಸೀಮೆಯ ಬ್ರಿಕ್ಸಮ್ ಎಂಬ ಮೀನುಗಾರರ ಊರಿನ ಪಾದ್ರಿ. ಅವನು ಕ್ಷಯದಿಂದ ತೀರಿಕೊಂಡದ್ದು 1847ರಲ್ಲಿ. ನಾವು ಕೇಳುವ ಮಟ್ಟು ಬಂದದ್ದು ಅದಾಗಿ ಹದಿನಾಲ್ಕು ವರ್ಷಕ್ಕೆ. 1861ರಲ್ಲಿ 'ಹಿಮ್ಸ್ ಏನ್ಶಿಯಂಟ್ ಅಂಡ್ ಮಾಡರ್ನ್' ಎಂಬ ಹಾಡಿನ ಪುಸ್ತಕ ಹೊರಬಂತು. ಅದರ ಸಂಗೀತದ ಸಂಪಾದಕ ವಿಲಿಯಂ ಹೆನ್ರಿ ಮಂಕ್. ಆ ಪುಸ್ತಕಕ್ಕಾಗಿ ಮಂಕ್ ಹಾಕಿದ ಮಟ್ಟು ಇದು. ಅದಕ್ಕೆ ಅವನು ಇಟ್ಟ ಹೆಸರು ಈವೆಂಟೈಡ್, ಅಂದರೆ ಸಂಜೆಹೊತ್ತು.

ಇದೇ ಮಟ್ಟಿನ ಮೇಲೆ ಹ್ಯೂಬರ್ಟ್ ಪ್ಯಾರಿ ಎಂಬ ದೊಡ್ಡ ಸಂಗೀತಗಾರ ಆರ್ಗನ್‌ಗಾಗಿ ಒಂದು ಪುಟ್ಟ ರಚನೆ ಮಾಡಿದ್ದಾನೆ. 1916ರಲ್ಲಿ ಪ್ರಕಟವಾಯಿತು. ಚಿಕ್ಕಂದಿನಿಂದ ಈ ಮಟ್ಟು ಕೇಳಿದ ನನಗೆ ಅದು ಗೊತ್ತೇ ಇರಲಿಲ್ಲ. ಅದೇನೂ ದೊಡ್ಡ ಮಾತಲ್ಲ. ಇಂಗ್ಲೆಂಡಿನಲ್ಲೇ, ಆ ಹಾಡನ್ನು ಫುಟ್ಬಾಲ್ ಮೈದಾನದಲ್ಲಿ ಸಾವಿರಾರು ಜನ ಎದ್ದು ನಿಂತು ಹಾಡುವ ದೇಶದಲ್ಲೇ, ಪ್ಯಾರಿಯ ಆ ರಚನೆಯನ್ನು ಕೇಳಿದವರು ಬಹಳ ಕಡಿಮೆ. ಇಂಥವು ನೂರಾರು ಇವೆ. ಹೀಗೇಕಾಯಿತು ಅನ್ನುವುದೇ ನನ್ನ ಮಾತಿನ ವಿಷಯ.

ನನಗೆ ಇದರ ಗೀಳು ಹಿಡಿದದ್ದು ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ. ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಬ್ಯಾಂಕುಗಳ ನಡುವೆ ಸೇಂಟ್ ಮೈಕಲ್ಸ್ ಕಾರ್ನ್‌ಹಿಲ್ ಎಂಬ ಚರ್ಚು ಇದೆ. ಅಲ್ಲಿ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಆರ್ಗನ್ ಕಚೇರಿ. ಯಾರು ಬೇಕಾದರೂ ಹೋಗಿ ಕೂರಬಹುದು. ಇದನ್ನು ಶುರು ಮಾಡಿದ್ದು ಅಲ್ಲಿನ ಆರ್ಗನಿಸ್ಟ್ ಹೆರಾಲ್ಡ್ ಡಾರ್ಕ್, 1916ರಲ್ಲಿ, ಮಹಾಯುದ್ಧದ ನಡುವೆ. ಅಲ್ಲಿ ಅವನು ಐವತ್ತು ವರ್ಷ ನುಡಿಸಿದ. ನಾನು ಮೊದಲ ಸಲ ಒಳಗೆ ಹೋದದ್ದು ಮಳೆ ಬಂತು ಅಂತ. ಮತ್ತೆ ಸೋಮವಾರ ಬಂತೆಂದರೆ ಬೇರೆಲ್ಲೂ ಊಟಕ್ಕೆ ಹೋಗಲಿಲ್ಲ.

ಪೈಪ್ ಆರ್ಗನ್ ನೋಡದವರಿಗೆ ಎರಡು ಮಾತು. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಹಿತ್ತಾಳೆಯ ರೀಡಿನ ಮೂಲಕ ಹೋಗಿ ನಾದ ಬರುತ್ತದೆ. ಪೈಪ್ ಆರ್ಗನ್‌ನಲ್ಲಿ ಗಾಳಿ ಹೋಗುವುದು ಸಾಲಾಗಿ ನಿಲ್ಲಿಸಿದ ಕೊಳವೆಗಳಿಗೆ. ಸ್ವರಕ್ಕೊಂದು ಕೊಳವೆ. ಒಂದು ಬಗೆಯ ನಾದಕ್ಕೆ ಒಂದು ಸಾಲು, ಇನ್ನೊಂದು ಬಗೆಗೆ ಇನ್ನೊಂದು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಆರ್ಗನ್‌ಗೆ 9,999 ಕೊಳವೆಗಳಿವೆ. ಯಾವ ಸಾಲು ಬೇಕೋ ಆ ಗುಬಟನ್ನು ಎಳೆಯಬೇಕು. ಅದಕ್ಕೆ ಸ್ಟಾಪ್ ಅನ್ನುತ್ತಾರೆ. ಎರಡೂ ಕೈಗೆ ಎರಡು ಮೂರು ಕೀಬೋರ್ಡು, ಕಾಲಿಗೂ ಒಂದು. ಹಾಗಾಗಿ ಒಬ್ಬನೇ ಕೂತು ಬಲಗೈಯಲ್ಲಿ ಒಂದು ದನಿ, ಎಡಗೈಯಲ್ಲಿ ಬೇರೆ ಬಣ್ಣದ ಇನ್ನೊಂದು ದನಿ, ಕಾಲಿನಲ್ಲಿ ಮಂದ್ರದ ಮೂರನೆಯ ದನಿ ನುಡಿಸಬಹುದು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಮಟ್ಟಿನ ವಿಷಯ. ನನಗೆ ಇದು ತುಂಬಾ ಇಷ್ಟ. ಅಲ್ಲಿ ಹಾಡಿನ ಮಾತಿಗೆ ಒಂದು ಹೆಸರು, ಮಟ್ಟಿಗೆ ಬೇರೆಯೇ ಹೆಸರು. ನಮ್ಮ ಕಂಪನಿ ನಾಟಕದ ಹಾಡುಗಳ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ 'ಇಂಥದ್ದರ ಮಟ್ಟು' ಎಂದು ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಸಾಲಿನ ಉಚ್ಚಾರದ (ಸಿಲಬಲ್‌ಗಳ) ಎಣಿಕೆ ಹೊಂದಿದರೆ ಸಾಕು, ಯಾವ ಮಾತನ್ನು ಯಾವ ಮಟ್ಟಿಗೆ ಬೇಕಾದರೂ ಹಾಡಬಹುದು. ಎಂಟು, ಆರು, ಎಂಟು, ಆರು ಎಣಿಕೆಯ ಪದ್ಯಗಳು ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ಮಟ್ಟುಗಳು ಮಾತಿನ ಹಂಗಿಲ್ಲದೆ ಊರೂರು ಸುತ್ತಿದವು. ಅವುಗಳ ಹೆಸರುಗಳೂ ಹೆಚ್ಚಾಗಿ ಊರಿನವೇ, ಇಲ್ಲವೇ ಚರ್ಚಿನವು: ಡಂಡೀ, ಹ್ಯಾನೋವರ್, ರಾಕಿಂಗ್‌ಹ್ಯಾಮ್, ಸೇಂಟ್ ಆನ್. ಸೇಂಟ್ ಆನ್ ಶುರುವಾಗುವುದು ಹೀಗೆ: ಪ ಗ ದ ಪ ಸ ಸ ನಿ ಸ. ಮೂರು ಷಡ್ಜಗಳೂ ಮೇಲಿನವು. ವಿಲಿಯಂ ಕ್ರಾಫ್ಟ್‌ನ ಮಟ್ಟು, 1708ರದ್ದು. ಈಗ ಅದರ ಜೊತೆ ಹಾಡುವ ಐಸಾಕ್ ವಾಟ್ಸ್‌ನ ಮಾತು ಬಂದದ್ದು 1719ರಲ್ಲಿ. ಎರಡೂ ಬೇರೆ ಬೇರೆ ಹುಟ್ಟಿ, ಆಮೇಲೆ ಜೊತೆಯಾದವು.

ಮಟ್ಟು ಹಾಕಿದವರೆಲ್ಲ ದೊಡ್ಡ ವಿದ್ವಾಂಸರೇನಲ್ಲ. ಮಾರ್ಟರ್ಡಮ್ ಎಂಬ ಮಟ್ಟು ಸ್ಕಾಟ್ಲೆಂಡಿನ ಹ್ಯೂ ವಿಲ್ಸನ್‌ನದ್ದು. ಅವನು ಅಪ್ಪನಿಂದ ಜೋಡು ಹೊಲಿಯುವ ಕೆಲಸ ಕಲಿತವನು. ಬ್ರಿನ್ ಕಲ್ವಾರಿಯ ಎಂಬ ಮಟ್ಟು ಹಾಕಿದ ವಿಲಿಯಂ ಓವೆನ್ ವೇಲ್ಸ್‌ನ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡಿದವನು. ಹವ್ರದೊಲ್ ಎಂಬ ಚೆಂದದ ಮಟ್ಟು ಹಾಕಿದಾಗ ರೋಲಂಡ್ ಪ್ರಿಚರ್ಡ್‌ಗೆ ಇಪ್ಪತ್ತರ ಆಸುಪಾಸು. ಮುಂದೆ ಅವನು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಇಂಥವರ ಮಟ್ಟುಗಳನ್ನು ಇಡೀ ದೇಶ ವಾರ ವಾರ ಹಾಡಿತು.

ಅಂಥ ಮಟ್ಟನ್ನು ತೆಗೆದುಕೊಂಡು ಆರ್ಗನ್ ಮೇಲೆ ಬೆಳೆಸುವುದಕ್ಕೆ ಕೊರಾಲ್ ಪ್ರಿಲ್ಯೂಡ್ ಅನ್ನುತ್ತಾರೆ. ಅಂದರೆ ಹಾಡಿಗೆ ಪೀಠಿಕೆ. ಜರ್ಮನಿಯ ಚರ್ಚುಗಳಲ್ಲಿ ಜನ ಹಾಡುವುದಕ್ಕೆ ಮೊದಲು ಮಟ್ಟನ್ನು ನೆನಪಿಸಲು ಶುರುವಾದ ರೂಢಿ ಇದು. ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್ ಇದನ್ನು ಎಲ್ಲಿಲ್ಲದ ಎತ್ತರಕ್ಕೆ ಒಯ್ದ. ಇಂಗ್ಲೆಂಡಿನಲ್ಲೂ ಹಿಂದೆ ಅಷ್ಟಿಷ್ಟು ಇತ್ತು. ಓಲ್ಡ್ ಹಂಡ್ರೆಡ್ತ್ ಎಂಬ ಹಳೇ ಮಟ್ಟಿನ ಮೇಲೆ ಹದಿನೇಳನೇ ಶತಮಾನದ ಸಂಗೀತಗಾರರಾದ ಪರ್ಸೆಲ್‌ನದೋ ಬ್ಲೋನದೋ ಎಂದು ಹೇಳುವ ಒಂದು ರಚನೆಯಿದೆ. ಆದರೆ ಸುಗ್ಗಿ ಬಂದದ್ದು 1910ರ ಆಸುಪಾಸಿನಲ್ಲಿ. ಇಂಗ್ಲೆಂಡಿನ ಹೆಸರಾಂತ ಸಂಗೀತಗಾರ ವಾನ್ ವಿಲಿಯಮ್ಸ್‌ನ ಗುರುಗಳಲ್ಲಿ ಒಬ್ಬನಾದ ಚಾರ್ಲ್ಸ್ ವುಡ್, ಇಂಗ್ಲಿಷ್ ಮತ್ತು ಸ್ಕಾಟಿಷ್ ಹಳೇ ಮಟ್ಟುಗಳ ಮೇಲೆ ಹದಿನಾರು ಪೀಠಿಕೆ ಬರೆದು 1912ರಲ್ಲಿ ಪ್ರಕಟಿಸಿದ. ಅದೇ ವರ್ಷ ಪ್ಯಾರಿಯ ಮೊದಲ ಏಳು ಬಂದವು. 1916ರಲ್ಲಿ ಇನ್ನೂ ಏಳು. ಈವೆಂಟೈಡ್ ಇರುವುದು ಈ ಎರಡನೇ ಗೊಂಚಲಿನಲ್ಲಿ.

ಪ್ಯಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ 1895ರಿಂದ ಸಾಯುವವರೆಗೂ, ಅಂದರೆ 1918ರವರೆಗೂ ಅವನೇ ಮುಖ್ಯಸ್ಥ. ಜರ್ಮನ್ ಸಂಗೀತ ಅವನಿಗೆ ಪ್ರಾಣ. 1909ರಲ್ಲಿ ಬಾಖ್ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಐದೇ ವರ್ಷದಲ್ಲಿ ಅದೇ ಜರ್ಮನಿಯ ಜೊತೆ ಯುದ್ಧ. ಅವನ ಕಾಲೇಜಿನ ಹುಡುಗರು ಯುದ್ಧಕ್ಕೆ ಹೋದರು. ಅಲ್ಲಿ ಕಲಿತಿದ್ದ ಜಾರ್ಜ್ ಬಟರ್‌ವರ್ತ್ 1916ರ ಆಗಸ್ಟಿನಲ್ಲಿ ಸೋಮ್ ಕದನದಲ್ಲಿ ಸತ್ತ. ಅದೇ ವರ್ಷ, ಅರವತ್ತೆಂಟರ ಪ್ಯಾರಿ ತಾನು ಪ್ರೀತಿಸಿದ ಜರ್ಮನ್ ರೂಪವನ್ನೇ ಇಟ್ಟುಕೊಂಡು, ಇಂಗ್ಲೆಂಡಿನ ಹಳ್ಳಿ ಹಳ್ಳಿಯಲ್ಲಿ ಹಾಡುತ್ತಿದ್ದ ಮಟ್ಟುಗಳನ್ನು ಅದರೊಳಗೆ ಕೂರಿಸುತ್ತಿದ್ದಾನೆ. ಕತ್ತಲಾಗುತ್ತಿದೆ, ನನ್ನ ಜೊತೆಯಲ್ಲಿರು ಎನ್ನುವ ಹಾಡಿನ ಮಟ್ಟನ್ನು ಆ ವರ್ಷ ಅವನು ಆರಿಸಿಕೊಂಡಿದ್ದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅದನ್ನು ಕಲಿಸಿದ್ದು ನನ್ನ ಆರ್ಗನ್ ಮೇಷ್ಟ್ರು.

ಕಾರ್ನ್‌ಹಿಲ್‌ಗೆ ಹೋಗಿ ಬಂದು ಆಸೆಯಾಗಿ, ನಾನಿದ್ದ ಬಡಾವಣೆಯ ಚರ್ಚಿನ ಆರ್ಗನಿಸ್ಟರ ಹತ್ತಿರ ಪಾಠಕ್ಕೆ ಸೇರಿದೆ. ವಯಸ್ಸಾದವರು, ಮಾತು ಕಡಿಮೆ. ಒಂದು ವರ್ಷ ಆದ ಮೇಲೆ ವಾನ್ ವಿಲಿಯಮ್ಸ್‌ನ ರೋಸಮೆದ್ರೆ ಕೊಟ್ಟರು. ವೇಲ್ಸ್‌ನ ಸ್ತುತಿಗೀತೆಗಳ ಮಟ್ಟಿನ ಮೇಲೆ ಅವನು ಬರೆದ ಮೂರು ಪೀಠಿಕೆಗಳು 1920ರಲ್ಲಿ ಪ್ರಕಟವಾದವು. ಅದರಲ್ಲಿ ನಡುವಿನದು ಇದು. ಮೊದಲನೆಯದು ಆಗಲೇ ಹೇಳಿದ ಕ್ವಾರಿ ಕೆಲಸಗಾರನ ಮಟ್ಟು, ಕೊನೆಯದು ಮಿಲ್ಲಿನವನದ್ದು, ಇದು ರೋಸಮೆದ್ರೆ ಎಂಬ ಹಳ್ಳಿಯ ಪಾದ್ರಿ ಜಾನ್ ಎಡ್ವರ್ಡ್ಸ್ ಹಾಕಿದ್ದು. ನಾನು ಮೂರು ವಾರ ಕಷ್ಟಪಟ್ಟು ಕಲಿತೆ. ಸ್ವರ ತಪ್ಪಿಲ್ಲ, ತಾಳ ತಪ್ಪಿಲ್ಲ. ನುಡಿಸಿ ಮುಗಿಸಿದೆ. ಮೇಷ್ಟ್ರು ಕೇಳಿದರು: ಹಾಡು ಎಲ್ಲಿ ಬಂತು?

ನನಗೆ ಉತ್ತರ ಗೊತ್ತಿರಲಿಲ್ಲ. ಶುರುವಿನಲ್ಲಿ ಬಲಗೈಯಲ್ಲಿ ತುಂಬಾ ಇಂಪಾದ ಒಂದು ಎಳೆ ಬರುತ್ತದೆ. ಅದೇ ಹಾಡು ಅಂದುಕೊಂಡಿದ್ದೆ. ಮೇಷ್ಟ್ರು ಆರ್ಗನ್ ನಿಲ್ಲಿಸಿ, ಹಾಡಿನ ಪುಸ್ತಕ ತೆಗೆದು, ನನ್ನನ್ನು ನಿಲ್ಲಿಸಿ ಹಾಡಿಸಿದರು. ಮಾತಿನ ಸಮೇತ, ಎಲ್ಲಾ ಚರಣ. ನಾನು ಆ ಧರ್ಮದವನಲ್ಲ, ಆ ಹಾಡುಗಳು ನನ್ನ ಬಾಲ್ಯದಲ್ಲಿ ಇರಲಿಲ್ಲ. ಆದರೂ ಅವತ್ತು ಅರ್ಧ ಗಂಟೆ ಬರೀ ಹಾಡಿದ್ದೇ. ಆಮೇಲೆ ಅವರು ತಾವೇ ಕೂತು ನುಡಿಸಿದರು.

ಆಗ ಕೇಳಿಸಿತು. ಶುರುವಿನ ಆ ಇಂಪಾದ ಎಳೆ ಹಾಡಲ್ಲ, ಹಾಡಿನ ಜೊತೆಗಾರ. ಅದು ಒಂದಿಷ್ಟು ದೂರ ತನ್ನ ಪಾಡಿಗೆ ನಡೆಯುತ್ತದೆ. ನಿಜವಾದ ಮಟ್ಟು ಬರುವುದು ಆಮೇಲೆ, ಅದೂ ಮೇಲಿನ ದನಿಯಲ್ಲಲ್ಲ. ನಡುವಿನ ದನಿಯಲ್ಲಿ, ಎಡಗೈಯಲ್ಲಿ, ಗುಂಪಿನ ಮಧ್ಯೆ ಒಬ್ಬ ಗಂಡಸು ಮೆಲ್ಲಗೆ ಹಾಡುವ ಹಾಗೆ. ಬಲಗೈ ತನ್ನ ಎಳೆಯನ್ನು ಬಿಡದೆ ಅದರ ಮೇಲೆ ಹೆಣೆಯುತ್ತಾ ಹೋಗುತ್ತದೆ, ಕಾಲು ಕೆಳಗೆ ಶಾಂತವಾಗಿ ಹೆಜ್ಜೆ ಹಾಕುತ್ತದೆ. ಎರಡನೇ ಸಲ ಮಟ್ಟು ಮೇಲಿನ ದನಿಗೆ ಏರುತ್ತದೆ, ಈಗ ಎಲ್ಲರಿಗೂ ಕೇಳುವ ಹಾಗೆ. ಹಾಡು ಮುಗಿದ ಮೇಲೆ ಮೊದಲಿನ ಎಳೆ ಮತ್ತೆ ಬಂದು, ನಿಧಾನವಾಗಿ ನಿಲ್ಲುತ್ತದೆ. ಎಲ್ಲಾ ಸೇರಿ ನಾಲ್ಕು ನಿಮಿಷ. ಮಟ್ಟು ಗೊತ್ತಿಲ್ಲದವನಿಗೆ ಇದೊಂದು ಹಿತವಾದ ಸದ್ದು. ಗೊತ್ತಿದ್ದವನಿಗೆ, ಯಾರೋ ಬರುತ್ತಾರೆಂದು ಕಾದು, ಅವರು ಬಾಗಿಲಿನಿಂದಲ್ಲದೆ ಹಿತ್ತಲಿನಿಂದ ಬಂದ ಹಾಗೆ.

ನಮಗೆ ಇದು ಹೊಸತೇನಲ್ಲ. ವೀಣೆಯಲ್ಲಿ ದಾಸರ ಪದ ನುಡಿಸಿದರೆ ಕೇಳುವವರ ತುಟಿ ಅಲ್ಲಾಡುತ್ತದೆ. ವೈಣಿಕರು ಒಂದು ಕಡೆ ಸುಮ್ನೆ ಒಂದು ಮೀಟು ಎಳೆದರೆ, ಅಲ್ಲಿ ಯಾವ ಮಾತು ಇದೆ ಅಂತ ಗೊತ್ತಿರುವುದಕ್ಕೇ ಕಣ್ಣು ಒದ್ದೆಯಾಗುತ್ತದೆ. ಸಾಹಿತ್ಯ ತಿಳಿಯದವರೂ ಅದೇ ನಾದ ಕೇಳುತ್ತಾರೆ, ಆದರೆ ಅವರಿಗೆ ಅರ್ಧವೇ ಸಿಗುತ್ತದೆ. ಈ ಇಂಗ್ಲಿಷ್ ಪೀಠಿಕೆಗಳೂ ಹಾಗೆಯೇ. ಬರೆದವರು ಅರ್ಧವನ್ನು ಕಾಗದದ ಮೇಲೆ ಬರೆದರು. ಉಳಿದ ಅರ್ಧ ಕೇಳುವವರ ನೆನಪಿನಲ್ಲಿ ಇದೆ ಎಂದು ನಂಬಿದ್ದರು.

ಆ ನೆನಪು ಹೋಯಿತು. ಇವು ಮೂಲೆಗೆ ಬಿದ್ದದ್ದಕ್ಕೆ ದೊಡ್ಡ ಕಾರಣ ಇದು ಎಂದು ನನ್ನ ಅನಿಸಿಕೆ.

ಸಾಮಾನ್ಯವಾಗಿ ಹೇಳುವ ಕಾರಣ ಬೇರೆ. ಎರಡನೇ ಮಹಾಯುದ್ಧದ ನಂತರ ಅಭಿರುಚಿ ಬದಲಾಯಿತು. ಆರ್ಗನ್ ಅಂದರೆ ಬಾಖ್ ಕಾಲದ ಹಾಗೆ ತಿಳಿಯಾಗಿ, ಚುರುಕಾಗಿ ಇರಬೇಕು ಎನ್ನುವ ಗಾಳಿ ಬೀಸಿತು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿಗೆ ಬಂದ ಆರ್ಗನ್ ಆ ಹೊಸ ರುಚಿಯ ಗುರುತು. ವಿಕ್ಟೋರಿಯಾ ಕಾಲದ, ಅದರ ಮರುಕಾಲದ ಸಂಗೀತ ಮಬ್ಬು, ಅಳುಬುರುಕು ಎಂದು ತಳ್ಳಿದರು. ಕಚೇರಿಗೆ ಬೇಕಾದರೆ ಫ್ರಾನ್ಸಿನವರ ಅಬ್ಬರದ ರಚನೆಗಳಿದ್ದವು. ಪೂಜೆಗೆ ಮುಂಚೆ ಮೂರು ನಿಮಿಷ ನುಡಿಸುವುದನ್ನು ಯಾರು ಕಚೇರಿಯಲ್ಲಿ ಇಡುತ್ತಾರೆ? ಪುಸ್ತಕಗಳ ಮರುಮುದ್ರಣ ನಿಂತಿತು. ಇದೆಲ್ಲ ನಿಜವೇ. ಆದರೆ ರುಚಿ ತಿರುಗಿ ಬರುತ್ತದೆ. ಆ ಕಾಲದ ಇಂಗ್ಲಿಷ್ ಸಂಗೀತಗಾರ ಎಲ್ಗರ್ ತಿರುಗಿ ಬಂದ, ಆ ಕಾಲದ ಕಟ್ಟಡಗಳನ್ನೂ ಈಗ ಜನ ಮೆಚ್ಚುತ್ತಾರೆ. ಈ ಪುಟ್ಟ ಪೀಠಿಕೆಗಳು ಮಾತ್ರ ಪೂರ್ತಿ ಬರಲಿಲ್ಲ.

ಯಾಕೆಂದರೆ ಜನ ಹಾಡುವುದನ್ನು ಬಿಟ್ಟರು. 1944ರ ಶಿಕ್ಷಣ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಶಾಲೆಗಳಲ್ಲಿ ದಿನವೂ ಪ್ರಾರ್ಥನೆ ನಡೆಯಬೇಕಿತ್ತು. ಹಾಗಾಗಿ ಚರ್ಚಿಗೆ ಹೋಗದ ಮಕ್ಕಳಿಗೂ ನೂರು ಮಟ್ಟು ಬಾಯಿಪಾಠ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅರವತ್ತು ದಾಟಿದವರಲ್ಲಿ ದೇವರನ್ನೇ ನಂಬದವರೂ ಸೇಂಟ್ ಆನ್ ಮೊದಲ ಸಾಲು ಗುನುಗಿದರೆ ಎರಡನೆಯದನ್ನು ಮುಗಿಸುತ್ತಿದ್ದರು. ಮೂವತ್ತರವರಿಗೆ ಅದು ಗೊತ್ತೇ ಇರಲಿಲ್ಲ. ಈವೆಂಟೈಡ್ ಒಂದು ಉಳಿದದ್ದು ಫುಟ್ಬಾಲ್‌ನಿಂದ. 1927ರಿಂದ ಎಫ್‌ಎ ಕಪ್ ಫೈನಲ್‌ಗೆ ಮುಂಚೆ ಅದನ್ನು ಹಾಡುವ ರೂಢಿ ಇದೆ.

ಈಗ ಹುಡುಕಾಟ ನಡೆದಿದೆ, ಅದು ಸಂತೋಷದ ವಿಷಯ. 2006ರಲ್ಲಿ ಐಎಂಎಸ್‌ಎಲ್‌ಪಿ ಎಂಬ ಜಾಲತಾಣ ಶುರುವಾಗಿ, ಹಕ್ಕುಸ್ವಾಮ್ಯ ಮುಗಿದ ಸ್ವರಪುಸ್ತಕಗಳು ಮನೆಯಲ್ಲೇ ಕೂತು ಸಿಗುವಂತಾಯಿತು. ಪ್ಯಾರಿಯ ಹದಿನಾಲ್ಕೂ ರೆಕಾರ್ಡ್ ಆಗಿವೆ. ಪರ್ಸಿ ವಿಟ್ಲಾಕ್ ಎಂಬೊಬ್ಬನಿದ್ದ. ಬೋರ್ನ್‌ಮತ್ ಊರಿನ ಸಮುದ್ರದಂಡೆಯ ಪೆವಿಲಿಯನ್ನಿನಲ್ಲಿ ರಜೆಗೆ ಬಂದವರಿಗೆ ಆರ್ಗನ್ ನುಡಿಸುತ್ತಿದ್ದ. 1946ರಲ್ಲಿ, ಇನ್ನೂ ನಲವತ್ತಮೂರು ತುಂಬುವ ಮೊದಲೇ ತೀರಿಹೋದ. ಕೊನೆಯ ವರ್ಷಗಳಲ್ಲಿ ಆರು ಸ್ತುತಿಗೀತೆಗಳ ಮೇಲೆ ಪೀಠಿಕೆ ಬರೆದ. ಬ್ರಿಟನ್ನಿನಲ್ಲಿ ಹಕ್ಕುಸ್ವಾಮ್ಯ ರಚಿಸಿದವನು ಸತ್ತ ವರ್ಷದಿಂದ ಎಪ್ಪತ್ತು ವರ್ಷ. ಹಾಗಾಗಿ 2017ರಿಂದ ಅವನ ಸಂಗೀತ ಎಲ್ಲರದ್ದು. ಅದರಲ್ಲಿರುವ ಮೃದುತನ, ಆಗಾಗ ಇಣುಕುವ ಒಂದು ಬಗೆಯ ಜಾಜ್ ನೆರಳಿನ ಹಾರ್ಮನಿ, ಇವತ್ತಿನ ಕಿವಿಗೆ ತಕ್ಷಣ ಹಿಡಿಸುತ್ತದೆ.

ಆದರೆ ಪುಸ್ತಕ ಸಿಕ್ಕರೆ ಸಾಲದು, ಅದಕ್ಕೆ ತಕ್ಕ ವಾದ್ಯ ಬೇಕು. ಆ ಕಾಲದ ಇಂಗ್ಲಿಷ್ ಆರ್ಗನ್‌ನಲ್ಲಿ ಒಂದಿಷ್ಟು ಕೊಳವೆಗಳನ್ನು ದೊಡ್ಡ ಮರದ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ಹಳೇ ಬಂಗಲೆಗಳ ಕಿಟಕಿಗೆ ಹಲಗೆ ಪಟ್ಟಿಗಳ ಬಾಗಿಲಿರುತ್ತದಲ್ಲ, ಆ ಪೆಟ್ಟಿಗೆಯ ಮುಂದೆ ಅಂಥದ್ದೇ ಪಟ್ಟಿಗಳು. ಕಾಲಿನ ಒಂದು ಪೆಡಲ್ ಒತ್ತಿದರೆ ಪಟ್ಟಿಗಳು ಮೆಲ್ಲಗೆ ತೆರೆದುಕೊಂಡು ನಾದ ಹೊರಗೆ ಹರಿಯುತ್ತದೆ, ಬಿಟ್ಟರೆ ಮುಚ್ಚಿ ಪಕ್ಕದ ಮನೆಯಿಂದ ಬಂದ ಹಾಗಾಗುತ್ತದೆ. ಪ್ಯಾರಿ, ವಿಟ್ಲಾಕ್ ಬರೆದದ್ದು ಈ ಉಸಿರಾಟವನ್ನು ನಂಬಿ. ಇಂಥ ಆರ್ಗನ್ನುಗಳಿದ್ದ ಚರ್ಚುಗಳು ಒಂದೊಂದಾಗಿ ಮುಚ್ಚುತ್ತಿವೆ. ಕೆಲವು ವಾದ್ಯಗಳನ್ನು ಜರ್ಮನಿ, ನೆದರ್ಲೆಂಡ್ಸ್‌ನವರು ಪ್ರೀತಿಯಿಂದ ಒಯ್ದು ತಮ್ಮ ಚರ್ಚುಗಳಲ್ಲಿ ಕೂರಿಸಿಕೊಂಡಿದ್ದಾರೆ. ಉಳಿದವು ಗುಜರಿಗೆ ಹೋಗುತ್ತಿವೆ. 1976ರಲ್ಲಿ ಶುರುವಾದ ಬ್ರಿಟಿಷ್ ಆರ್ಗನ್ ಅಧ್ಯಯನ ಸಂಸ್ಥೆಯವರು ದೇಶದ ಆರ್ಗನ್ನುಗಳ ಪಟ್ಟಿಯನ್ನಾದರೂ ಉಳಿಸುವ ಕೆಲಸ ಮಾಡಿದ್ದಾರೆ.

ನನ್ನ ಕೋರಿಕೆ ಇಷ್ಟೇ. ಇವನ್ನು ಕಚೇರಿಯಲ್ಲಿ ನುಡಿಸುವವರು ಮೊದಲು ಆ ಹಾಡನ್ನು ಕೇಳುವವರ ಕೈಲಿ ಹಾಡಿಸಲಿ. ಒಂದು ಚರಣ ಸಾಕು. ರೆಕಾರ್ಡ್ ಮಾಡುವವರು ಪೀಠಿಕೆಯ ಮುಂದೆ ಮಟ್ಟನ್ನು ಒಂದು ಸಲ ಹಾಡಿಸಿ ಹಾಕಲಿ. ನಂಬಿಕೆ ಇರಲಿ ಬಿಡಲಿ, ಬಾಯಲ್ಲಿ ಹಾಡಿದ್ದು ಕಿವಿಗೆ ಬೇರೆ ಥರ ಬರುತ್ತದೆ.

ಅವತ್ತು ನಮ್ಮ ಕೂಟದಲ್ಲೂ ಹಾಗೇ ಮಾಡಿದೆವು. ಮೊದಲು ಏನೂ ಹೇಳದೆ ಪ್ಯಾರಿಯ ಈವೆಂಟೈಡ್ ಕೇಳಿಸಿದೆ. ಮರ್ಯಾದೆಯಿಂದ ಕೇಳಿದರು. ಇಬ್ಬರು ಫೋನ್ ನೋಡಿಕೊಂಡರು. ಆಮೇಲೆ ಸ್ವರ ಹೇಳಿಕೊಟ್ಟೆ. ಗ ಗ ರಿ ಸ ಎನ್ನುತ್ತಿದ್ದ ಹಾಗೆ ಹಿಂದಿನ ಸಾಲಿನಲ್ಲಿದ್ದ ಮಂಗಳೂರಿನ ಹಿರಿಯ ಅಮ್ಮನೊಬ್ಬರು ಎದ್ದು ನಿಂತು, ಅದೇ ಮಟ್ಟನ್ನು ಕನ್ನಡದ ಮಾತಿನಲ್ಲಿ ಪೂರ್ತಿ ಹಾಡಿಬಿಟ್ಟರು. ಚಿಕ್ಕಂದಿನಲ್ಲಿ ಅವರ ಚರ್ಚಿನಲ್ಲಿ ಸಂಜೆಯ ಆರಾಧನೆಗೆ ಹಾಡುತ್ತಿದ್ದರಂತೆ. ಎಂಬತ್ತು ದಾಟಿದ ದನಿ, ಕೊನೆಯ ಸಾಲಿನಲ್ಲಿ ಸ್ವಲ್ಪ ನಡುಗಿತು. ನಾವೆಲ್ಲ ಅವರ ಹಿಂದೆ ಎರಡು ಸಲ ಹಾಡಿದೆವು. ಮತ್ತೆ ಅದೇ ರೆಕಾರ್ಡಿಂಗ್ ಹಾಕಿದೆ. ಈ ಸಲ ಯಾರೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಒಂದು ಗಳಿಗೆ ಬಿಟ್ಟು ಆ ಅಮ್ಮ ಹೇಳಿದರು: ಇನ್ನೊಮ್ಮೆ ಹಾಕಿ ಮಾರಾಯ್ರೆ, ಈಗ ಮೇಲಿನದ್ದು ಗೊತ್ತಾಯ್ತು, ಅಡಿಯಲ್ಲಿ ಏನು ಹೋಗ್ತಾ ಉಂಟು ಅಂತ ಕೇಳಬೇಕು.

ಹಾಕಿದೆ.